ಹೆವಿ

ಡ್ರೈವಿಂಗ್ ಸ್ಕೂಲಿನ ಮೇಜಿನ ಹಿಂದೆ ಕೂತಿದ್ದ ಹುಡುಗಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು ಬಹಳ ಮರ್ಯಾದೆಯಿಂದ ಹೇಳಿದಳು: "ಅಂಕಲ್, ಮಗನನ್ನೇ ಕರಕೊಂಡು ಬನ್ನಿ. ಸೈನ್ ಅವರದ್ದೇ ಬೇಕಾಗ್ತದೆ."

ಹೆವಿ ಲೈಸೆನ್ಸು ಬೇಕಾದದ್ದು ಮಗನಿಗಲ್ಲ, ನನಗೇ ಎಂದೆ. ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾನೆ, ಅವನಿಗೆ ಸೈಕಲ್ಲೂ ನೆಟ್ಟಗೆ ಬರುವುದಿಲ್ಲ ಎಂಬುದನ್ನು ಹೇಳಲಿಲ್ಲ. ಹುಡುಗಿ ನನ್ನ ಕನ್ನಡಕ ನೋಡಿದಳು, ಇಸ್ತ್ರಿ ಹಾಕಿದ ಅಂಗಿ ನೋಡಿದಳು, ಕಿಸೆಯಲ್ಲಿದ್ದ ಎರಡು ಪೆನ್ನು ನೋಡಿದಳು. "ನಿಮಗೆ ಎಂತಕ್ಕೆ ಹೆವಿ?"

ನಮ್ಮ ಊರಲ್ಲಿ ಈ ಪ್ರಶ್ನೆಗೆ ಮೂರೇ ಉತ್ತರ ಉಂಟು. ಗಲ್ಫಿಗೆ ಹೋಗಲಿಕ್ಕೆ, ಕೆಎಸ್ಸಾರ್ಟಿಸಿಗೆ ಅರ್ಜಿ ಹಾಕಲಿಕ್ಕೆ, ಇಲ್ಲವೇ ನಾಲ್ಕೈದು ವರ್ಷ ಪ್ರೈವೇಟ್ ಬಸ್ಸಿನ ಬಾಗಿಲಿಗೆ ಜೋತುಬಿದ್ದ ಕ್ಲೀನರು ಎದುರಿನ ಸೀಟಿಗೆ ಬಡ್ತಿ ಪಡೆಯಲಿಕ್ಕೆ. ಐವತ್ತಮೂರು ವರ್ಷದ, ಸ್ವಯಂನಿವೃತ್ತಿ ತಗೊಂಡ, ಕದ್ರಿಯಲ್ಲಿ ಹಂಚಿನ ಮನೆಯಿರುವ ಮಾಜಿ ಬ್ಯಾಂಕ್ ಮ್ಯಾನೇಜರನಿಗೆ ಇವು ಯಾವುದೂ ಹೊಂದುವುದಿಲ್ಲ. "ಸುಮ್ಮನೆ" ಎಂದೆ. ಅರ್ಜಿಯಲ್ಲಿ ಸುಮ್ಮನೆ ಎನ್ನುವುದಕ್ಕೆ ಕಾಲಂ ಇರಲಿಲ್ಲವಾದ್ದರಿಂದ ಅವಳು ಮುಂದಿನ ಪ್ರಶ್ನೆಗೆ ಹೋದಳು.

ಬ್ಯಾಂಕಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ನಮ್ಮದು ಬ್ಯಾಂಕುಗಳನ್ನು ಹೆತ್ತ ಸೀಮೆ. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ ಮತ್ತು ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ 1931ರಲ್ಲಿ ಮಂಗಳೂರಲ್ಲಿ ಹುಟ್ಟಿದವು. 2019ರ ಏಪ್ರಿಲ್ ಒಂದಕ್ಕೆ ಒಂದು, 2020ರ ಏಪ್ರಿಲ್ ಒಂದಕ್ಕೆ ಎರಡು, ಹೀಗೆ ಮೂರೂ ಬೇರೆ ಬ್ಯಾಂಕುಗಳೊಳಗೆ ಸೇರಿ ಹೆಸರು ಕಳಕೊಂಡವು. ಅಂಥದ್ದೊಂದರಲ್ಲಿ ನಾನು ಇಪ್ಪತ್ತೇಳು ವರ್ಷ ಚೆಕ್ಕುಗಳ ಸಹಿ ನೋಡಿದವನು. ಈಗ ಮಂಗಳೂರಿನ ಬೀದಿಗಳಲ್ಲಿ ಬೆಳಗಿಂದ ರಾತ್ರಿಯವರೆಗೆ ಗಂಟಲು ಹರಿದುಕೊಂಡು ಕೂಗುವ ಬ್ಯಾಂಕಿನ ಹೆಸರು ಒಂದೇ: ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್! ಕೂಗುವವರು ಸಿಟಿ ಬಸ್ಸಿನ ಕಂಡಕ್ಟರುಗಳು. ಆ ಬ್ಯಾಂಕಿನ ಕಟ್ಟಡದ ಹತ್ತಿರ ಬಸ್ಸುಗಳು ನಿಂತೂ ನಿಂತೂ ನಿಲ್ದಾಣಕ್ಕೇ ಆ ಹೆಸರು ಅಂಟಿಕೊಂಡಿತು. ನಮ್ಮ ಬ್ಯಾಂಕಿನ ಎದುರು ಯಾರಾದರೂ ನಾಲ್ಕು ಬಸ್ಸು ನಿಲ್ಲಿಸಿದ್ದರೆ ನಮ್ಮ ಹೆಸರೂ ಉಳಿಯುತ್ತಿತ್ತೇನೋ ಎಂದು ವಿಲೀನದ ರಾತ್ರಿ ನನಗೆ ಅನಿಸಿದ್ದುಂಟು. ಆಡಳಿತ ಮಂಡಳಿಗೆ ಇದು ಹೊಳೆಯಲಿಲ್ಲ.

ಹೆವಿ ಬೇಕೆನಿಸಿದ್ದರ ನಿಜವಾದ ಕಾರಣ ಎಪ್ಪತ್ತರ ದಶಕದ್ದು. ಅಮ್ಮನ ತವರು ಮೂಡುಬಿದಿರೆಯ ಕಡೆ. ರಜೆ ಸಿಕ್ಕಿದ ಮರುದಿನ ಬೆಳಗ್ಗೆ ನಾವು ಮಲ್ಲಿಕಟ್ಟೆಯಲ್ಲಿ ನಿಂತಿರುತ್ತಿದ್ದೆವು. ಅಮ್ಮನ ಕೈಯಲ್ಲಿ ಒಂದು ಬಟ್ಟೆಯ ಚೀಲ, ನನ್ನ ಕೈಯಲ್ಲಿ ಬೆಲ್ಲದ ಪೊಟ್ಟಣ, ತಂಗಿಯ ಕೈಯಲ್ಲಿ ನನ್ನ ಅಂಗಿಯ ತುದಿ. ಬಂದ ಬಸ್ಸಿಗೆಲ್ಲ ಅಮ್ಮ ಹತ್ತುತ್ತಿರಲಿಲ್ಲ. ಸಿ.ಪಿ.ಸಿ., ಶಂಕರ್ ವಿಠಲ್, ಹನುಮಾನ್ ಎಂದು ಆಗ ಜಿಲ್ಲೆಯ ಬಸ್ಸುಗಳಿಗೆ ಮನೆತನದ ಹೆಸರುಗಳಿದ್ದವು. ಜನ ಬಸ್ಸನ್ನು ಬಣ್ಣದಿಂದ, ಬಣ್ಣ ಕಾಣುವ ಮೊದಲೇ ಹಾರ್ನಿನಿಂದ ಗುರುತು ಹಿಡಿಯುತ್ತಿದ್ದರು. ತಿರುವಿನ ಆಚೆ ಒಂದು ಪೀಂಕಾರ ಕೇಳಿಸಿದರೆ ಅಮ್ಮ, "ಇದಲ್ಲ" ಎನ್ನುತ್ತಿದ್ದಳು. ಇನ್ನೊಂದು ಕೇಳಿಸಿದರೆ ಸೆರಗು ಸರಿಮಾಡಿಕೊಂಡು, "ನಮ್ಮ ಬಸ್ಸು ಬಂತು" ಎನ್ನುತ್ತಿದ್ದಳು. ನಮ್ಮ ಬಸ್ಸು! ಅಪ್ಪನ ಹೆಸರಲ್ಲಿ ಒಂದು ಸೈಕಲ್ ಬಿಟ್ಟರೆ ಬೇರೆ ವಾಹನ ಇಲ್ಲದ ಮನೆಯ ಹುಡುಗನಿಗೆ ಆ ಎರಡು ಶಬ್ದಗಳಿಂದ ಆಗುತ್ತಿದ್ದ ಖುಷಿಯನ್ನು ಈಗಿನ ಕಾರುಗಳ ಕಂತು ಕಟ್ಟುವವರಿಗೆ ವಿವರಿಸುವುದು ಕಷ್ಟ.

ಡ್ರೈವರಿನ ಎಡಕ್ಕೆ, ಇಂಜಿನ್ನಿನ ಮೇಲೆ ರೆಕ್ಸಿನ್ ಹೊದಿಸಿದ ಉಬ್ಬಿದ ಪೆಟ್ಟಿಗೆ ಇರುತ್ತಿತ್ತು. ಮಕ್ಕಳು ಕೂರುವ ಜಾಗ ಅದು. ವಾಮಂಜೂರಿಗೆ ಮುಟ್ಟುವಾಗ ಕುಂಡೆ ಬೆಚ್ಚಗಾಗಿ, ಗುರುಪುರದ ಕಿರಿದಾದ ಸೇತುವೆಗೆ ಬರುವಾಗ ಸುಡಲಿಕ್ಕೆ ಹಿಡಿಯುತ್ತಿತ್ತು. ಆದರೂ ಏಳುವ ಮಾತಿಲ್ಲ. ಕಣ್ಣೆದುರೇ ಆ ಮನುಷ್ಯ: ಖಾಕಿ ಅಂಗಿ, ಹೆಗಲಲ್ಲಿ ಬೈರಾಸು, ಗಾಜಿನ ಮೇಲ್ಗಡೆ ಮಂಜುನಾಥ, ಮೇರಿ ಮಾತೆ, ಮೆಕ್ಕಾ, ಮೂವರಿಗೂ ಸೇರಿ ಒಂದೇ ಮಲ್ಲಿಗೆ ದಂಡೆ. ಅವನು ಬರಿಯ ಬಸ್ಸು ಬಿಡುತ್ತಿರಲಿಲ್ಲ. ಒಬ್ಬಳು ಓಡಿಬಂದು ಗಂಡನ ಬುತ್ತಿ ಕೊಡುತ್ತಿದ್ದಳು, ಇನ್ನೊಬ್ಬ ಔಷಧದ ಬಾಟಲಿ ಕೊಡುತ್ತಿದ್ದ, ಮತ್ತೊಬ್ಬರು ಮಲ್ಲಿಗೆಯ ಅಟ್ಟೆ ಕಟ್ಟಿ ಇಡುತ್ತಿದ್ದರು. ಯಾರ ಬುತ್ತಿ ಯಾವ ಅಂಗಡಿಗೆ ಎಂದು ಕೇಳದೆಯೇ ಅವನಿಗೆ ಗೊತ್ತು. ಒಂದು ಸಲ ನಮ್ಮ ಅಜ್ಜಿ ಗದ್ದೆಯ ಆಚೆಯಿಂದ "ಬಂದೆ, ಬಂದೆ" ಎಂದು ಕೂಗುತ್ತಾ ಬಂದದ್ದಕ್ಕೆ ಇಡೀ ಬಸ್ಸು ನಿಂತು ಕಾದಿತ್ತು. ಅಜ್ಜಿ ಬಂದದ್ದು ಹತ್ತಲಿಕ್ಕಲ್ಲ, ಮಂಗಳೂರಿನ ಮಗಳಿಗೆ ಬಸಳೆ ಕೊಟ್ಟು ಕಳಿಸಲಿಕ್ಕೆ. ಡ್ರೈವರು ಬಸಳೆಯನ್ನೂ ತೆಗೆದುಕೊಂಡ.

ಅಜ್ಜ ಇದಕ್ಕಿಂತ ಹಿಂದಿನ ಬಸ್ಸು ಕಂಡವನು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಬಸ್ಸುಗಳು ಇದ್ದಲಿನ ಗ್ಯಾಸಿನಿಂದ ಓಡುತ್ತಿದ್ದುವಂತೆ. ಹಿಂದೆ ಒಂದು ಒಲೆಯಂಥದ್ದು. ಹೊರಡುವ ಮೊದಲು ಕ್ಲೀನರು ಫ್ಯಾನು ತಿರುಗಿಸಿ ತಿರುಗಿಸಿ ಬೆಂಕಿ ಎಬ್ಬಿಸಬೇಕು. ದೊಡ್ಡ ಏರು ಬಂದರೆ ಗಂಡಸರು ಇಳಿದು ನಡೆಯಬೇಕು. "ಬಸ್ಸಿಗೆ ಟಿಕೇಟು ಕೊಟ್ಟವರು ನಾವು, ಏರಿನಲ್ಲಿ ನಡೆದವರೂ ನಾವು" ಎಂದು ಅಜ್ಜ ಸಾಯುವ ತನಕ ಆ ಲೆಕ್ಕ ಹೇಳುತ್ತಿದ್ದ. ಬ್ಯಾಂಕಿನ ಬುದ್ಧಿ ನನಗೆ ಎಲ್ಲಿಂದ ಬಂತೆಂಬುದು ಇದರಿಂದ ತಿಳಿಯುತ್ತದೆ.

ಇರಲಿ. ಕಾನೂನು ನನ್ನ ಆಸೆಗೆ ಅಡ್ಡ ಬರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಬಿಡುವವನಿಗೆ ಇಪ್ಪತ್ತು ತುಂಬಿರಬೇಕು. ನನಗೆ ಎರಡೂವರೆ ಸಲ ತುಂಬಿತ್ತು. ಕಾರಿನ ಲೈಸೆನ್ಸು ಸಿಕ್ಕಿ ಒಂದು ವರ್ಷ ಆಗಿರಬೇಕು. ನನ್ನದು ಬೆಳ್ಳಿಹಬ್ಬ ದಾಟಿತ್ತು. ತೂಕ ತುಂಬಿ 12,000 ಕಿಲೋ ದಾಟಿದ ಪ್ರಯಾಣಿಕರ ಗಾಡಿಯನ್ನು ಕಾಯ್ದೆ ಹೆವಿ ಎನ್ನುತ್ತದೆ. ಮನೆಯ ಅಂಗಳದಲ್ಲಿರುವ ನನ್ನ ಆಲ್ಟೋ ಏಳುನೂರು ಚಿಲ್ಲರೆ ಕಿಲೋ. ಕಾರಿನ ಲೈಸೆನ್ಸಿನಲ್ಲೇ 7,500 ಕಿಲೋದವರೆಗಿನ ಸಾರಿಗೆ ವಾಹನ ಬಿಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ, 2024ರಲ್ಲಿ ಐವರು ನ್ಯಾಯಮೂರ್ತಿಗಳು ಕೂತು ಅದನ್ನೇ ಗಟ್ಟಿ ಮಾಡಿದ್ದಾರೆ. ಅಂದರೆ ಒಂದು ಟೆಂಪೋ ಟ್ರಾವೆಲರಿಗೆ ನಾನು ಆಗಲೇ ಅರ್ಹ. ಆದರೆ ಮಲ್ಲಿಕಟ್ಟೆಯಲ್ಲಿ ಬೆಲ್ಲದ ಪೊಟ್ಟಣ ಹಿಡಿದು ನಿಂತ ಹುಡುಗ ಟೆಂಪೋ ಟ್ರಾವೆಲರಿನ ಕನಸು ಕಂಡದ್ದಲ್ಲ.

ವೈದ್ಯರ ಸರ್ಟಿಫಿಕೇಟು ಬೇಕು. ಫಾರ್ಮ್ 1-ಎ ಎಂಬ ಆ ಕಾಗದದಲ್ಲಿ ಚಂದ ಚಂದದ ಪ್ರಶ್ನೆಗಳಿವೆ. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಓದಲಿಕ್ಕೆ ಆಗುತ್ತದೆಯೇ? ಕಿಟಕಿಯಿಂದ ಕಾಣುತ್ತಿದ್ದ ಕೆಎ-19 ಒಂದನ್ನು ಡಾಕ್ಟರು ತೋರಿಸಿದರು. ಓದಿದೆ. ಆ ಕಾರು ಅವರದ್ದೇ ಆದ್ದರಿಂದ ಸರಿಯೋ ತಪ್ಪೋ ಎಂಬ ಚರ್ಚೆ ಬರಲಿಲ್ಲ. ಸಾಧಾರಣ ಹಾರ್ನಿನ ಶಬ್ದ ಕೇಳಿಸದಷ್ಟು ಕಿವುಡು ಉಂಟೇ? ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. "ಮಂಗಳೂರಲ್ಲಿ ಸಾಧಾರಣ ಹಾರ್ನು ಎಲ್ಲಿ ಉಂಟು ಮಾರಾಯ್ರೆ?" ನಿಜ. ಸ್ಯಾಕ್ಸೋಫೋನಿನಂಥ ಪರದೇಶದ ಕೊಳವೆಯಿಂದ ಕರ್ನಾಟಕ ಸಂಗೀತ ಹೊರಡಿಸಿದ ಗೋಪಾಲನಾಥರು ಕದ್ರಿಯ ಹೆಸರನ್ನು ಲೋಕಕ್ಕೆಲ್ಲ ಮುಟ್ಟಿಸಿ 2019ರಲ್ಲಿ ತೀರಿಹೋದರು. ಉಸಿರಿನಿಂದ ನುಡಿಸುವ ವಿದ್ಯೆಯನ್ನು ಈಗ ಇಲ್ಲಿ ಉಳಿಸಿಕೊಂಡು ಬಂದಿರುವುದು ಏರ್ ಹಾರ್ನುಗಳು ಮಾತ್ರ.

ಕಲಿಸುವವರು ಹಿಂದೆ ಎಕ್ಸ್‌ಪ್ರೆಸ್ ಬಿಟ್ಟವರು. ಮಂಗಳೂರು–ಕುಂದಾಪುರ ರೂಟಿನಲ್ಲಿ ಮೂವತ್ತು ವರ್ಷ ಮಿನಿಟುಗಳ ಜೊತೆ ಓಡಿ ಸೊಂಟ ಕೆಡಿಸಿಕೊಂಡು ಈಗ ಕಲಿಸಲಿಕ್ಕೆ ಕೂತಿದ್ದರು. ಊರವರಿಗೆ ಎಕ್ಸ್‌ಪ್ರೆಸ್ ಡ್ರೈವರೆಂದರೆ ಭಯ. ಇವರನ್ನು ನೋಡಿದರೆ ದೇವಸ್ಥಾನದ ಅರ್ಚಕರ ಹಾಗೆ ಸಮಾಧಾನ. ಅದನ್ನು ಕೇಳಿಯೇಬಿಟ್ಟೆ. "ಟೈಮಿಂಗ್ ಇಲ್ಲದಿದ್ದರೆ ಯಾವ ಡ್ರೈವರೂ ಸಾಧುವೇ" ಎಂದರು. ನಾಲ್ಕು ಮಿನಿಟು ಹಿಂದೆ ಇನ್ನೊಂದು ಬಸ್ಸು, ನಾಲ್ಕು ಮಿನಿಟು ಮುಂದೆ ಮತ್ತೊಂದು, ನಡುವೆ ಟೈಂ ಕೀಪರ್ ಎಂಬವನ ಪುಸ್ತಕ. ತಡವಾದರೆ ಹಿಂದಿನವನು ಬೈಯುತ್ತಾನೆ, ಬೇಗ ಹೋದರೆ ಮುಂದಿನವನು ಬೈಯುತ್ತಾನೆ, ಸರಿಯಾಗಿ ಹೋದರೆ ಪ್ರಯಾಣಿಕರು ಬೈಯುತ್ತಾರೆ. ಇಷ್ಟು ಜನ ಬೈಯುವ ಕೆಲಸಕ್ಕೆ ನಾನು ಇಷ್ಟು ವರ್ಷ ಬ್ಯಾಂಕಿನಲ್ಲೇ ಸಂಬಳ ತಗೊಂಡಿದ್ದೆ, ಹಾಗಾಗಿ ಹೆದರಲಿಲ್ಲ.

ಬಸ್ಸು ಲೈನಿನಿಂದ ನಿವೃತ್ತವಾದದ್ದು. ಅಲ್ಲಿಗೆ ನಾವು ಮೂವರಾದೆವು. ಹಿಂದಿನ ಸೀಟುಗಳನ್ನು ಕಿತ್ತಿದ್ದರು, ಎದುರು ಕೆಂಪು ಎಲ್ ಬೋರ್ಡು. ಜೊತೆಗೆ ಕಲಿಯುವವರು ನಾಲ್ವರು: ದುಬೈಗೆ ವೀಸಾ ಕಾಯುತ್ತಿದ್ದ ಇಬ್ಬರು ಹುಡುಗರು, ಕೆಎಸ್ಸಾರ್ಟಿಸಿಯ ಆಸೆಯಿದ್ದ ಬೆಳ್ತಂಗಡಿ ಕಡೆಯ ಒಬ್ಬ, ಮತ್ತೆ ಶಾಲಾ ವ್ಯಾನು ಬಿಡುತ್ತಿದ್ದ ಒಬ್ಬ ಹೆಂಗಸು. ಶಾಲೆಯವರು ದೊಡ್ಡ ಬಸ್ಸು ತೆಗೆದುಕೊಂಡಿದ್ದರಂತೆ, ಬಿಡಲಿಕ್ಕೆ ಹೊಸಬರನ್ನು ತಂದರೆ ಮಕ್ಕಳು ಹತ್ತುವುದಿಲ್ಲ ಎಂದು ಇವರನ್ನೇ ಕಲಿಯಲಿಕ್ಕೆ ಕಳಿಸಿದ್ದರು. ಐವರಲ್ಲಿ ಅತ್ಯಂತ ಚೆನ್ನಾಗಿ ಬಿಟ್ಟದ್ದು ಅವರೇ. ಮೊದಲನೆಯ ದಿನವೇ ಹಿಂದಕ್ಕೆ ತಿರುಗಿ, "ಎಲ್ಲರೂ ಸರಿ ಕೂತ್ಕೊಂಡ್ರಾ?" ಎಂದು ಕೇಳಿ ಬ್ರೇಕು ಬಿಟ್ಟರು. ಹುಡುಗರು ಬೆನ್ನು ನೆಟ್ಟಗೆ ಮಾಡಿ ಕೂತರು. ನಾನೂ.

ನನ್ನ ಸರದಿ ಬಂದಾಗ ತಿಳಿದದ್ದು, ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಾರು ಬಿಟ್ಟ ಅನುಭವವೇ ದೊಡ್ಡ ಅಡಚಣೆ ಎಂಬುದು. ಕೀ ತಿರುಗಿಸಿದೆ, ಗೇರು ಹಾಕಿದೆ, ಬಸ್ಸು ಕದಲಲಿಲ್ಲ. "ಏರ್ ಹಿಡಿಯಲಿ, ಅರ್ಜೆಂಟು ಎಂತದು?" ಬ್ರೇಕಿಗೆ ಗಾಳಿ ತುಂಬಿ ಮೀಟರಿನ ಮುಳ್ಳು ಏರುವ ತನಕ ಚಕ್ರ ಬಿಟ್ಟುಕೊಡುವುದಿಲ್ಲ. ಗಾಳಿ ಕಡಿಮೆಯಾದರೆ ಸ್ಪ್ರಿಂಗು ತಾನಾಗಿ ಬ್ರೇಕು ಹಿಡಿಯುತ್ತದೆ. ಅಂದರೆ ಈ ಪ್ರಾಣಿಯ ಸ್ವಭಾವವೇ ನಿಲ್ಲುವುದು. ಓಡುವುದಕ್ಕೆ ಅದನ್ನು ಒಪ್ಪಿಸಬೇಕು. ಇಷ್ಟು ವಿನಯವಂತ ಜಂತುವನ್ನು ನಮ್ಮ ಊರಿನ ರಸ್ತೆಯಲ್ಲಿ ಹಾಗೆ ಓಡಿಸುವುದು ಹೇಗೆ ಸಾಧ್ಯವಾಯಿತೋ.

ತಿರುವು ಬಂತು. ಕಾರಿನ ಅಭ್ಯಾಸದಂತೆ ಮೂಲೆ ಬರುವ ಮೊದಲೇ ಸ್ಟಿಯರಿಂಗು ತಿರುಗಿಸಿದೆ. ಗುರುಗಳು ಕೈಹಾಕಿ ಹಿಡಿದರು. "ಕಾರಿನಲ್ಲಿ ಟಯರು ನಿಮ್ಮ ಮುಂದೆ. ಇಲ್ಲಿ ಟಯರು ನಿಮ್ಮ ಹಿಂದೆ. ಮೊದಲು ನೀವು ಚರಂಡಿಯ ಮೇಲೆ ಹೋಗ್ಬೇಕು, ಆಮೇಲೆ ತಿರುಗಿಸ್ಬೇಕು." ಅಕ್ಷರಶಃ ಹಾಗೆಯೇ. ಡ್ರೈವರು ಕೂರುವುದು ಮುಂದಿನ ಚಕ್ರಕ್ಕಿಂತಲೂ ಮುಂದೆ. ರಸ್ತೆ ಮುಗಿದು, ಮೋರಿ ಬಂದು, ಮೋರಿಯಾಚೆಯ ಮನೆಯವರ ದಾಸವಾಳ ಗಾಜಿಗೆ ತಾಗುತ್ತದೋ ಎನ್ನುವಾಗ ತಿರುಗಿಸಿದರೆ ಚಕ್ರ ಸರಿಯಾದ ಜಾಗದಲ್ಲಿರುತ್ತದೆ. ಅಷ್ಟರಲ್ಲಿ ಹಿಂದಿನ ಚಕ್ರ ಮೂಲೆಯನ್ನು ಕಚ್ಚಿಕೊಂಡು ಒಳಗೆ ಬರುತ್ತದೆ, ಬಾಲ ಮಾತ್ರ ಆಚೆ ಬದಿಗೆ ಬೀಸುತ್ತದೆ. ಒಂದೇ ಗಾಡಿಯ ಮೂರು ಭಾಗಗಳು ಮೂರು ದಾರಿ ಹಿಡಿಯುತ್ತವೆ. ನಮ್ಮ ಕುಟುಂಬದ ಆಸ್ತಿ ಪಾಲಿನ ದಿನ ನೆನಪಾಯಿತು.

ಎಡ ಕನ್ನಡಿ ನೋಡಿದರೆ ಬಲ ತಪ್ಪುತ್ತದೆ, ಬಲ ನೋಡಿದರೆ ಎದುರು ಆಟೋ. ಕದ್ರಿ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಉಂಟು, ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಮೂರು ಮುಖ, ಆರು ಕೈ. ಸಣ್ಣಂದಿನಿಂದ ಕೈಮುಗಿದವನು ನಾನು, ಶಿಲ್ಪದ ಚಂದಕ್ಕೆ ಮೆಚ್ಚಿದವನು, ಬೌದ್ಧರ ಕಾಲದ್ದೆಂದು ಬಂದ ನೆಂಟರಿಗೆಲ್ಲ ವಿವರಿಸಿದವನು. ಅಷ್ಟು ಮುಖ, ಅಷ್ಟು ಕೈ ಎಂತಕ್ಕೆ ಎನ್ನುವುದು ಮಾತ್ರ ನಂತೂರು ಜಂಕ್ಷನ್ನಿನಲ್ಲಿ ಅರ್ಥವಾಯಿತು. ಎದುರಿಗೊಂದು ಮುಖ, ಎರಡು ಕನ್ನಡಿಗೆ ಎರಡು. ಸ್ಟಿಯರಿಂಗಿಗೆ ಎರಡು ಕೈ, ಗೇರಿಗೊಂದು, ಹಾರ್ನಿಗೊಂದು, ಅಡ್ಡ ಬಂದ ಸ್ಕೂಟರಿನವನಿಗೆ ತೋರಿಸಲಿಕ್ಕೆ ಒಂದು, ತನ್ನ ಹಣೆಗೆ ಹೊಡೆದುಕೊಳ್ಳಲಿಕ್ಕೆ ಒಂದು. ಅಲ್ಲಿಗೆ ಆರು. ಹೆದ್ದಾರಿ 66 ಮತ್ತು 169 ಸೇರುವ ಆ ಜಾಗದಲ್ಲಿ ಬೆಳಗ್ಗೆ ಆರೂವರೆಗೇ ನಾಲ್ಕು ದಿಕ್ಕಿನಿಂದಲೂ ಲಾರಿ. ಎಲ್ ಬೋರ್ಡಿಗೆ ಯಾರೂ ಕರುಣೆ ತೋರಿಸಲಿಲ್ಲ, ಆದರೆ ಎಲ್ಲರೂ ದೂರ ನಿಂತರು. ಕಾರಿನಲ್ಲಿ ನನಗೆ ಈ ಗೌರವ ಎಂದೂ ಸಿಕ್ಕಿಲ್ಲ.

ಮನೆಯಲ್ಲಿ ಗೌರವ ಇರಲಿಲ್ಲ. "ಆಲ್ಟೋ ಒಳಗೆ ತರುವಾಗ ಕಂಪೌಂಡಿನ ಕಂಬಕ್ಕೆ ಎರಡು ಸಲ ತಾಗಿಸಿದ್ದೀರಿ" ಎಂದು ಹೆಂಡತಿ ನೆನಪಿಸಿದಳು. ನೆರೆಮನೆಯವರು ಪೆನ್ಶನ್ನಿನಲ್ಲಿ ಏನೋ ತೊಂದರೆಯೆಂದು ಊಹಿಸಿ ಒಂದು ಸಂಜೆ ಹಲಸಿನ ಹಪ್ಪಳ ತಂದುಕೊಟ್ಟು, ಹೇಗಿದ್ದೀರಿ ಎಂದು ಮೆಲ್ಲ ದನಿಯಲ್ಲಿ ಕೇಳಿದರು. ನಾವಿರುವ ಗುಡ್ಡಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ನಾಥಪಂಥದ ಜೋಗಿಗಳ ಝುಂಡಿ ತ್ರ್ಯಂಬಕೇಶ್ವರದಿಂದ ನಡೆದುಕೊಂಡೇ ಬರುತ್ತದೆ, ಕದ್ರಿ ಮಠಕ್ಕೆ ಹೊಸ ರಾಜನನ್ನು ಕೂರಿಸಲಿಕ್ಕೆ. 2016ರಲ್ಲಿ ಬಂದಾಗ ನಮ್ಮ ಬೀದಿಯವರೆಲ್ಲ ನೋಡಲಿಕ್ಕೆ ಹೋಗಿದ್ದೆವು. ನಾಸಿಕದ ಕಡೆಯಿಂದ ನಡೆದು ಬಂದವರನ್ನು ಕಂಡು ಯಾರಿಗೂ ಆಶ್ಚರ್ಯವಾಗಲಿಲ್ಲ. ನಾನು ಬೆಳಗ್ಗೆ ಎದ್ದು ಬಸ್ಸು ಕಲಿಯಲಿಕ್ಕೆ ಹೋದದ್ದು ಮಾತ್ರ ಇಡೀ ಗುಡ್ಡಕ್ಕೆ ವಿಚಿತ್ರವಾಗಿ ಕಂಡಿತು.

ಹದಿನೆಂಟನೆಯದೋ ಹತ್ತೊಂಬತ್ತನೆಯದೋ ದಿನ. ಕುಲಶೇಖರ ದಾಟಿ ವಾಮಂಜೂರಿನ ಕಡೆ ಹೋಗುತ್ತಿದ್ದೆವು. ಸ್ಟಿಯರಿಂಗು ನನ್ನ ಕೈಯಲ್ಲಿ. ಸಣ್ಣ ಮಳೆ. ಒಂದು ಸ್ಟಾಪಿನಲ್ಲಿ ಕೊಡೆ ಹಿಡಿದುಕೊಂಡು ನಿಂತಿದ್ದ ಮುದುಕಿಯೊಬ್ಬಳು ಕೈ ಅಡ್ಡ ಹಿಡಿದಳು.

ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಗುರುಗಳು ಹೇಳಿರಲಿಲ್ಲ, ನಾನು ಯೋಚಿಸಿರಲಿಲ್ಲ. ಬಸ್ಸು ಅವಳ ಎದುರಿಗೆ, ಬಾಗಿಲು ಸರಿಯಾಗಿ ಕೊಡೆಯ ತುದಿಗೆ ಬರುವ ಹಾಗೆ ನಿಂತಿತು. ಅಷ್ಟು ದಿನ ಕಲಿತದ್ದರಲ್ಲಿ ಅಷ್ಟು ಚೆಂದದ ನಿಲುಗಡೆ ನನ್ನಿಂದ ಆಗಿರಲಿಲ್ಲ. ಮುದುಕಿ ಕೊಡೆ ಮಡಚಿ, ಕಂಬಿ ಹಿಡಿದು, ಎರಡು ಮೆಟ್ಟಿಲು ಹತ್ತಿ, "ಗುರುಪುರಕ್ಕೆ ಒಂದು" ಎಂದು ದುಡ್ಡು ಚಾಚಿದಳು. ಒಳಗೆ ನೋಡಿದರೆ ಸೀಟೇ ಇಲ್ಲ. ದುಬೈಯ ಹುಡುಗರು ನಗು ತಡೆಯುತ್ತಿದ್ದಾರೆ.

"ಇದು ಕಲಿಯುವ ಬಸ್ಸು ಅಮ್ಮಾ" ಎಂದರು ಗುರುಗಳು.

ಮುದುಕಿ ನನ್ನ ನರೆತ ತಲೆಯನ್ನು ನೋಡಿದಳು. "ಕಲಿಯುವುದಾ? ಇಷ್ಟು ಪ್ರಾಯದಲ್ಲಿಯಾ?" ಎಂದಳು. ದುಡ್ಡನ್ನು ಪುನಃ ಸೆರಗಿಗೆ ಗಂಟು ಹಾಕಿ, ಇಳಿದು, ಕೊಡೆ ಬಿಡಿಸಿ, ಹಿಂದೆ ಬರುತ್ತಿದ್ದ ಇನ್ನೊಂದು ಬಸ್ಸಿನ ಕಡೆ ಮುಖ ತಿರುಗಿಸಿದಳು. ಅದರ ಹಾರ್ನು ಆಗಲೇ ನಮ್ಮನ್ನು ಬೈಯುತ್ತಿತ್ತು.

ಗುರುಗಳು ಬೈಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ನಿಲ್ಲಿಸಿದ್ದು ಲಾಯ್ಕಾಯ್ತು. ನಿಲ್ಲಿಸಬಾರದಿತ್ತು" ಎಂದರು. ನನಗೆ ಎರಡನೆಯ ಮಾತು ಕೇಳಿಸಲಿಲ್ಲ. ನಾನು ಲೆಕ್ಕ ಹಾಕುತ್ತಿದ್ದೆ: ಬಿಳಿಯ ಮಾರುತಿ 800ರಿಂದ ಹಿಡಿದು ಈಗಿನ ಆಲ್ಟೋವರೆಗೆ ಮೂರು ಕಾರು, ಲಕ್ಷಗಟ್ಟಲೆ ಕಿಲೋಮೀಟರು. ದಾರಿಯ ಬದಿಯಲ್ಲಿ ನಿಂತು ನನ್ನ ಕಾರನ್ನು ಯಾರೂ ಕಾದದ್ದಿಲ್ಲ. ಕಾರಿಗೆ ಯಾರೂ ಕಾಯುವುದಿಲ್ಲ, ಮನೆಯವರು ಕೂಡ. ಅವರು ಒಳಗೆ ತಯಾರಾಗುತ್ತಿರುತ್ತಾರೆ, ಕಾಯುವುದು ನಾವು. ಬಸ್ಸಿಗೆ ಮಾತ್ರ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮುದುಕಿ ಮಳೆಯಲ್ಲಿ ನಿಂತು ಕಾಯುತ್ತಾಳೆ, ಬಂದ ಕೂಡಲೇ ಅವಳ ಮುಖದಲ್ಲಿ ಒಂದು ಕ್ಷಣ ಅದು ಕಾಣುತ್ತದೆ. ಆ ಕ್ಷಣದ ಮುಖವನ್ನು ಎದುರಿನಿಂದ ನೋಡುವವನು ಡ್ರೈವರು ಒಬ್ಬನೇ. ಕಂಡಕ್ಟರಿಗೆ ಸಿಗುವುದು ಚಿಲ್ಲರೆ ಇಲ್ಲದ ಮುಖ. ಎಪ್ಪತ್ತರ ದಶಕದ ಆ ಖಾಕಿ ಅಂಗಿಯ ಮನುಷ್ಯ ಮಲ್ಲಿಕಟ್ಟೆಯ ತಿರುವಿನಲ್ಲಿ ದಿನಾ ಏನು ನೋಡುತ್ತಿದ್ದನೆಂದು ನನಗೆ ಆ ದಿನ ಗೊತ್ತಾಯಿತು.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮುಂದೆ ಹೋಗು ಎಂದರು, ಹೋದೆ. ಹಿಂದೆ ತಾ ಎಂದರು, ತಂದೆ. ಏರಿನಲ್ಲಿ ನಿಲ್ಲಿಸಿ ಪುನಃ ಹೊರಡು ಎಂದರು, ಬಸ್ಸು ಒಂದಿಂಚೂ ಜಾರದೆ ಹೊರಟಿತು. ವ್ಯಾನಿನ ಅಕ್ಕ ನನಗಿಂತ ಅರ್ಧ ಸಮಯದಲ್ಲಿ ಮುಗಿಸಿ ಶಾಲೆ ಬಿಡುವ ಹೊತ್ತಾಯಿತೆಂದು ಓಡಿದರು. ದುಬೈಯ ಹುಡುಗರಲ್ಲಿ ಒಬ್ಬ ಕಂಬ ಬೀಳಿಸಿದ. 2022ರ ಮಳೆಗಾಲದಲ್ಲಿ ಕಾರ್ಡು ಅಂಚೆಯಲ್ಲಿ ಬಂತು. ಒಂದೇ ಕಾರ್ಡಿನಲ್ಲಿ ನನಗೆ ಎರಡು ಅವಧಿ: ಕಾರಿನದ್ದು ಬೇರೆ, ಸಾರಿಗೆಯದ್ದು ಬೇರೆ. ಸಾರಿಗೆಯದ್ದು ಐದೇ ವರ್ಷ. ಮೊದಲು ಮೂರೇ ಇತ್ತು, 2019ರ ತಿದ್ದುಪಡಿಯಲ್ಲಿ ಐದಾಯಿತು. ಕಾರ್ಡನ್ನು ಹೆಂಡತಿಗೆ ತೋರಿಸಿದೆ. "ಫೋಟೋ ಚೆಂದ ಬಂದಿದೆ" ಎಂದಳು. ಹಿಂದಿನ ಕಾರ್ಡಿನ ಫೋಟೋವೇ ಅದು.

ಟಿಕೇಟು ಕೊಟ್ಟು ಹತ್ತುವ ಜನರ ಬಸ್ಸು ಬಿಡಬೇಕಾದರೆ ಅಂಗಿಗೆ ಬ್ಯಾಡ್ಜೂ ಬೇಕು. ಅದಕ್ಕೆ ಬೇರೆ ಅರ್ಜಿ. ಡ್ರೈವರುಗಳು ಸಿಗದೆ ಬಸ್ಸಿನ ಮಾಲಕರು ಒದ್ದಾಡುವ ಕಾಲ ಇದು. ಹಳೆಯ ಖಾತೆದಾರರೊಬ್ಬರಿಗೆ ಎರಡು ಸಿಟಿ ಬಸ್ಸುಗಳಿವೆ, ನನಗೆ ಹೆವಿ ಆದ ಸುದ್ದಿ ಕೇಳಿ ಮನೆಗೇ ಬಂದರು. ಬೆಳಗ್ಗೆ ಐದೂಮುಕ್ಕಾಲಿಗೆ ಮೊದಲ ಟ್ರಿಪ್ಪು, ರಾತ್ರಿ ಎಂಟೂವರೆಗೆ ಕೊನೆಯದ್ದು, ಮಧ್ಯಾಹ್ನ ಊಟಕ್ಕೆ ಇಪ್ಪತ್ತು ಮಿನಿಟು, ಕಲೆಕ್ಷನ್ ಮೇಲೆ ಬತ್ತೆ. ಅವರು ಹೇಳುತ್ತಿದ್ದುದನ್ನು ಕೇಳುತ್ತಾ ನನ್ನ ಸೊಂಟ ತಾನಾಗಿ ನೋಯಲಿಕ್ಕೆ ಸುರುವಾಯಿತು. ಆಲೋಚನೆ ಮಾಡಿ ಹೇಳುತ್ತೇನೆ ಎಂದೆ. ಸಾಲ ಕೇಳಲಿಕ್ಕೆ ಬಂದವರಿಗೆ ನಾನು ಹೇಳುತ್ತಿದ್ದ ಮಾತೇ ಅದು. ಅವರಿಗೆ ಅರ್ಥವಾಗಿ ಎದ್ದು ಹೋದರು. ಕನಸಿನ ಹಿಂದೆ ಬಿದ್ದವನು ಕೆಲಸ ಬಂದಾಗ ಹಿಂದೆ ಸರಿದ ಎಂದು ನೀವು ನಗಬಹುದು. ಹದಿನೈದು ಗಂಟೆ ಇಳಿಯದೆ ಆ ಸೀಟಿನಲ್ಲಿ ಕೂರುವವರ ಎದುರು ನನ್ನ ಮೂವತ್ತು ದಿನದ ಬೆಳಗಿನ ಹವ್ಯಾಸವನ್ನು ಬಸ್ಸು ಬಿಟ್ಟದ್ದು ಎನ್ನಲಿಕ್ಕೆ ನನಗೇ ನಾಚಿಕೆ.

ಆದರೂ ಒಂದು ಸಲ ಬಿಟ್ಟಿದ್ದೇನೆ. ತಂಗಿಯ ಮಗನ ಮದುವೆಗೆ ದಿಬ್ಬಣಕ್ಕೆಂದು ಬಸ್ಸು ಗೊತ್ತುಮಾಡಿದ್ದೆವು. ಹಾಲಿನ ಅಂಗಳದಲ್ಲಿ ಜನ ಎಲ್ಲ ಇಳಿದು ಊಟಕ್ಕೆ ಹೋದರು. ಅಮ್ಮ ಮಾತ್ರ ಇಳಿಯಲಿಲ್ಲ; ಎಂಬತ್ತೆರಡು ವರ್ಷ, ಮಂಡಿನೋವು, ಮೊದಲ ಪಂಕ್ತಿಯ ಗೌಜಿ ಕಳೆಯಲಿ ಎಂದು ಮೂರನೇ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ಅಷ್ಟರಲ್ಲಿ ಅಡುಗೆಯವರ ಟೆಂಪೋ ಬಂತು, ಬಸ್ಸು ಅಡ್ಡ. ಡ್ರೈವರು ಕೈತೊಳೆದು ಎಲೆಯ ಎದುರು ಕೂತಾಗಿತ್ತು. ಅವನನ್ನು ಎಬ್ಬಿಸುವುದು ಬೇಡ, ನನಗೆ ಹೆವಿ ಉಂಟು ಎಂದೆ. ಅವನು ಒಮ್ಮೆ ನನ್ನ ಜರಿ ಪಂಚೆ ನೋಡಿ, ಕಾರ್ಡು ಕೇಳಿ, ನೋಡಿ, ಕೀ ಕೊಟ್ಟ. ಕಾರ್ಡು ಕೇಳಿದ್ದಕ್ಕೆ ನನಗೆ ಅವನ ಮೇಲೆ ಗೌರವ ಹುಟ್ಟಿತು.

ಪಂಚೆ ಎತ್ತಿ ಕಟ್ಟಿ ಹತ್ತಿದೆ. ಏರ್ ಹಿಡಿಯುವ ತನಕ ಕಾದೆ. ಹಿಂದೆ ಕ್ಲೀನರು ಬದಿಗೆ ಬಡಿಯುತ್ತಾ "ಪಿರ ಬಲ, ಪಿರ ಬಲ" ಎಂದು ಹಿಂದಕ್ಕೆ ಕರೆಯುತ್ತಿದ್ದ. ಎಡಕ್ಕೆ ತೆಂಗಿನ ಮರ, ಬಲಕ್ಕೆ ಬೀಗರ ಹೊಸ ಕಾರು. ನಲವತ್ತು ಅಡಿ ಇರಬಹುದು. ಯಾವುದಕ್ಕೂ ತಾಗಲಿಲ್ಲ. ಬ್ರೇಕು ಹಾಕಿದಾಗ ಗಾಳಿ ಟುಸ್ಸೆಂದಿತು, ಆ ಶಬ್ದಕ್ಕೆ ಅಮ್ಮನಿಗೆ ಎಚ್ಚರವಾಯಿತು. ಕಣ್ಣು ತೆರೆಯದೆಯೇ ಸೆರಗು ಸರಿಮಾಡಿಕೊಂಡಳು.

"ಬಸ್ಸು ಬಂತಾ?"

"ಬಂತು" ಎಂದೆ.

ಅಮ್ಮ ಕಣ್ಣು ಬಿಟ್ಟು, ಸ್ಟಿಯರಿಂಗಿನ ಹಿಂದೆ ನನ್ನನ್ನು ನೋಡಿ, "ಅಲ್ಲಿ ಕೂತು ಎಂತ ಮಾಡ್ತಿ, ಪಂಚೆಗೆ ಎಣ್ಣೆ ತಾಗ್ತದೆ, ಇಳಿ" ಎಂದಳು. ಇಳಿದು ಊಟಕ್ಕೆ ಕರಕೊಂಡು ಹೋದೆ.

ಲೈಸೆನ್ಸು 2027ರವರೆಗೆ ಉಂಟು. ಬ್ಯಾಡ್ಜಿಗೆ ಅರ್ಜಿ ಹಾಕಿಲ್ಲ. ಸ್ಟೇಟ್‌ಬ್ಯಾಂಕಿಗೆ ಹೋಗುವುದಿದ್ದರೆ ಈಗ ಆಲ್ಟೋ ತೆಗೆಯುವುದಿಲ್ಲ, ಮಲ್ಲಿಕಟ್ಟೆಯಲ್ಲಿ ನಿಂತು ಕೈ ಹಿಡಿಯುತ್ತೇನೆ. ಬಸ್ಸು ನಿಂತಾಗ ಹತ್ತುವ ಮೊದಲು ಡ್ರೈವರಿನ ಮುಖವನ್ನೊಮ್ಮೆ ನೋಡುತ್ತೇನೆ. ಅವನು ನೋಡುವುದು ಟೈಮು.